ಬೇಡವೆಂದ ತುತ್ತು

ನಮ್ಮ ಕನ್ನಡ ಪತ್ರಿಕೆಗಳಲ್ಲಿ ‘ಅಲರ್ಜಿ’ ಎಂಬ ಪದ ಹೆಚ್ಚಾಗಿ ಕಾಣಿಸಿಕೊಳ್ಳುವುದು ರಾಜಕೀಯದ ಪುಟಗಳಲ್ಲಿ. ಇಂಥ ಮಂತ್ರಿಗೆ ಪ್ರಶ್ನೆಗಳೆಂದರೆ ಅಲರ್ಜಿ, ಇಂಥ ಅಧಿಕಾರಿಗೆ ಕನ್ನಡವೆಂದರೆ ಅಲರ್ಜಿ ಎಂದು ಬರೆಯುತ್ತೇವೆ, ಓದುತ್ತೇವೆ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಈ ಪದವನ್ನು ಟಂಕಿಸಿದಾಗ ಅವನ ಮನಸ್ಸಿನಲ್ಲಿ ಇದ್ದದ್ದು ದೇಹದ ವರ್ತನೆ. ಹೊರಗಿನ ವಸ್ತುವೊಂದಕ್ಕೆ ದೇಹ ತನ್ನ ಪ್ರತಿಕ್ರಿಯೆಯನ್ನೇ ಬದಲಿಸಿಕೊಳ್ಳುವ ಬಗೆ. ಅದು ನಮ್ಮಲ್ಲಿಗೆ ಬರುವಷ್ಟರಲ್ಲಿ ಮನಸ್ಸಿನ ಅಸಹನೆ, ತಿರಸ್ಕಾರ ಎಂಬ ಅರ್ಥವನ್ನು ಪಡೆದುಕೊಂಡಿತು. ತಾಯಿಯೊಬ್ಬಳು ‘ನನ್ನ ಮಗನಿಗೆ ಶೇಂಗಾ ಅಲರ್ಜಿ’ ಎಂದಾಗ ಕೇಳುವವರ ಕಿವಿಗೆ ಅದು ‘ನನ್ನ ಮಗನಿಗೆ ಶೇಂಗಾ ಸೇರುವುದಿಲ್ಲ’ ಎಂದು ಬೀಳುವುದಕ್ಕೆ ಇದೂ ಒಂದು ಕಾರಣವಿರಬೇಕು. ಸೇರದ್ದನ್ನು ಒತ್ತಾಯ ಮಾಡಿ ತಿನ್ನಿಸಬಹುದು. ನಮ್ಮಲ್ಲಿ ಅದು ಪ್ರೀತಿಯ ಲಕ್ಷಣವೂ ಹೌದು.

ನಮ್ಮದೇ ಮಾತುಗಳಲ್ಲಿ ಇದಕ್ಕೆ ಹತ್ತಿರದ ಪದಗಳು ಇಲ್ಲದಿಲ್ಲ. ಬದನೆಕಾಯಿ ನಂಜು, ಒಣಮೀನು ನಂಜು ಎನ್ನುತ್ತೇವೆ. ಮೈಮೇಲೆ ದದ್ದು ಎದ್ದರೆ ಪಿತ್ತದ ಗಂಧೆ ಎನ್ನುತ್ತೇವೆ. (ಬದನೆಕಾಯಿಯ ಬಗ್ಗೆ ಹಿರಿಯರ ಮಾತು ಪೂರ್ತಿ ಹುಸಿಯೇನಲ್ಲ. ಅದರಿಂದ ಕೆಲವರಿಗೆ ನಿಜಕ್ಕೂ ಅಲರ್ಜಿ ಆಗುವುದನ್ನು ಮೈಸೂರಿನ ಸಂಶೋಧಕರು ಪರೀಕ್ಷಿಸಿ ದಾಖಲಿಸಿದ್ದಾರೆ.) ಆದರೆ ನಂಜು ಎಂಬುದು ಪದಾರ್ಥದ ಗುಣ. ಗಾಯವಾದವರಿಗೆಲ್ಲ, ಬಾಣಂತಿಯರಿಗೆಲ್ಲ ಅದು ವರ್ಜ್ಯ. ಒಂದೇ ಪಾತ್ರೆಯಿಂದ ಬಡಿಸಿದ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೆ ಪುಷ್ಟಿ ನೀಡುವ ಪದಾರ್ಥ ಹತ್ತನೆಯದರ ಉಸಿರು ಕಟ್ಟಿಸಬಹುದು ಎಂಬುದನ್ನು ಹೇಳಲು ನಂಜು ಸಾಲದು. ಇದ್ದುದರಲ್ಲಿ ‘ಆಗಿಬರುವುದಿಲ್ಲ’ ಎಂಬ ಮಾತೇ ವಾಸಿ. ಅದರಲ್ಲಿ ಪದಾರ್ಥದ ನಿಂದೆಯೂ ಇಲ್ಲ, ತಿನ್ನುವವನ ಹಟವೂ ಇಲ್ಲ.

ಏನಾಗುತ್ತದೆ ಎಂಬುದನ್ನು ಚುಟುಕಾಗಿ ಹೇಳಬೇಕು. ಹಾಲು, ಮೊಟ್ಟೆ, ಶೇಂಗಾ, ಗೋಡಂಬಿ, ಎಳ್ಳು, ಕಡಲೆ, ಮೀನು, ಸಿಗಡಿ ಮುಂತಾದವುಗಳಲ್ಲಿರುವ ಯಾವುದೋ ಒಂದು ಪ್ರೋಟೀನನ್ನು ಮಗುವಿನ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ಗುರುತಿಟ್ಟುಕೊಂಡಿರುತ್ತದೆ. ತಿಂದ ಕೆಲವೇ ನಿಮಿಷಗಳಲ್ಲಿ, ಸಾಮಾನ್ಯವಾಗಿ ಎರಡು ಗಂಟೆಯೊಳಗೆ, ದದ್ದು ಏಳಬಹುದು, ತುಟಿ ಊದಬಹುದು, ವಾಂತಿಯಾಗಬಹುದು. ಕೆಲವು ಮಕ್ಕಳಲ್ಲಿ ಅದು ಅಲ್ಲಿಗೆ ನಿಲ್ಲದೆ ಉಸಿರಾಟಕ್ಕೆ ತೊಡಕಾಗಿ, ರಕ್ತದೊತ್ತಡ ಕುಸಿಯುತ್ತದೆ. ವೈದ್ಯರು ಅನಾಫಿಲ್ಯಾಕ್ಸಿಸ್ ಎನ್ನುವುದು ಇದನ್ನೇ. ಇದಕ್ಕೆ ಮೊದಲ ಮದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ತುರಿಕೆಯ ಮಾತ್ರೆ ತುರಿಕೆಯನ್ನು ಇಳಿಸೀತು, ಉಸಿರನ್ನು ಉಳಿಸದು. ಹಾಗೆಂದು ಇದು ಮನೆಮನೆಯ ಕಾಯಿಲೆಯಲ್ಲ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ. 26ರಷ್ಟು ಜನರ ರಕ್ತ ಯಾವುದಾದರೊಂದು ಆಹಾರಕ್ಕೆ ‘ಪಾಸಿಟಿವ್’ ಎಂದು ತೋರಿಸಿದರೂ, ಅಲರ್ಜಿಯ ಸಂಭವವಿದ್ದವರು ಶೇ. 1.2 ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಮರೆತವರು ಬರೀ ರಕ್ತಪರೀಕ್ಷೆಯ ಚೀಟಿ ನೋಡಿ ಮಗುವಿನ ತಟ್ಟೆಯಿಂದ ಹಾಲು, ಗೋಧಿ, ಬೇಳೆ ಎಲ್ಲವನ್ನೂ ತೆಗೆದುಹಾಕುತ್ತಾರೆ. ಅದೂ ಮಗುವಿಗೆ ಮಾಡುವ ಅನ್ಯಾಯವೇ.

ವೈದ್ಯರು ಹೇಳಬೇಕಾದ್ದನ್ನು ಅವರೇ ಹೇಳಲಿ. ನಾವಿಲ್ಲಿ ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಕೊಟ್ಟ ಅನ್ನವನ್ನು ‘ಬೇಡ’ ಎನ್ನುವುದು ಯಾವಾಗ ಅವಮಾನವಾಗುತ್ತದೆ, ಯಾವಾಗ ಆಗುವುದಿಲ್ಲ?

ನಮ್ಮ ನಾಡಿನಲ್ಲಿ ಈ ಪ್ರಶ್ನೆ ಮುಗ್ಧವಾದುದಲ್ಲ. ಇಲ್ಲಿ ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ, ಯಾರ ಕೈಯಿಂದ ನೀರು ಕುಡಿಯುತ್ತಾರೆ ಎಂಬುದೇ ಮನುಷ್ಯರ ಬೆಲೆಯನ್ನು ಅಳೆಯುವ ಮಾಪಕವಾಗಿತ್ತು. ಎಷ್ಟೋ ಕಡೆ ಇಂದಿಗೂ ಆಗಿದೆ. ಚಹಾ ಅಂಗಡಿಯ ಸೂರಿಗೆ ಸಿಕ್ಕಿಸಿದ ಪ್ರತ್ಯೇಕ ಲೋಟದ ನೆನಪು ದಲಿತರಿಗೆ ಪುಸ್ತಕದಿಂದ ಬಂದದ್ದಲ್ಲ. ಶರಣರ ದಾಸೋಹಕ್ಕಾಗಲಿ ದರ್ಗಾದ ಲಂಗರಿಗಾಗಲಿ ಇರುವ ಘನತೆ ಅಲ್ಲಿ ಪಂಕ್ತಿಯಲ್ಲಿ ಕೂತವರ ಕುಲವನ್ನು ಕೇಳುವುದಿಲ್ಲ ಎಂಬುದರಿಂದ ಬಂದದ್ದು. ಮುಸ್ಲಿಮರ ಮನೆಯಿಂದ ರಂಜಾನ್ ಹಬ್ಬಕ್ಕೆ ಹೋದ ಸುರಕುಂಬಾ, ಮೊಹರಮ್ಮಿನ ಚೋಂಗೆ, ಹಿಂದೂ ಮನೆಯಿಂದ ಬಂದ ಎಳ್ಳುಬೆಲ್ಲ, ಹೋಳಿಗೆ ಇವು ತಿಂಡಿಗಳಷ್ಟೇ ಅಲ್ಲ. ‘ನಿಮ್ಮ ಕೈಯಡುಗೆ ನಮಗೆ ಮೈಲಿಗೆಯಲ್ಲ’ ಎಂದು ವರ್ಷಕ್ಕೊಮ್ಮೆಯಾದರೂ ಬಾಯಿಬಿಡದೆ ಹೇಳಿಕೊಳ್ಳುವ ಬಗೆ. ಇಂಥ ಕಡೆ ತಟ್ಟೆಯನ್ನು ಮರಳಿಸುವುದು ಸಣ್ಣ ಸಂಗತಿಯಲ್ಲ.

ಈಚಿನ ವರ್ಷಗಳಲ್ಲಿ ಈ ಗಾಯ ಇನ್ನಷ್ಟು ಹಸಿಯಾಗಿದೆ. 2022ರ ಯುಗಾದಿಯ ಹೊಸತೊಡಕಿನ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸವನ್ನು ಕೊಳ್ಳಬೇಡಿ ಎಂಬ ಪ್ರಚಾರ ನಡೆಯಿತು. ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಫಲಕಗಳು ಎದ್ದವು. ಮುಸ್ಲಿಮರು ಅಡುಗೆಯಲ್ಲಿ ಏನೇನೋ ಬೆರೆಸುತ್ತಾರೆಂಬ ಸುಳ್ಳು ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಇಂಥ ದಿನಗಳಲ್ಲಿ ಪಕ್ಕದ ಮನೆಯ ತಾಯಿ ‘ನಮ್ಮ ಪಾಪುಗೆ ಸುರಕುಂಬಾ ಬೇಡ ಆಪಾ, ಗೋಡಂಬಿ ಆಗಲ್ಲ’ ಎಂದರೆ ಆ ‘ಆಪಾ’ಳ ಎದೆಯಲ್ಲಿ ಏನು ಹಾದುಹೋಗುತ್ತದೆ? ನಿಜವಾಗಿಯೂ ಗೋಡಂಬಿಯೇ, ಅಥವಾ ನಾವೇ? ಇತ್ತ ಮುಸ್ಲಿಂ ತಾಯಿಯೊಬ್ಬಳು ಮದುವೆ ಮನೆಯಲ್ಲಿ ಬಡಿಸುವವರನ್ನು ‘ಇದರಲ್ಲಿ ಏನೇನು ಹಾಕಿದ್ದೀರಿ ಅಣ್ಣಾ?’ ಎಂದು ಕೇಳಿದರೆ, ಅದೊಂದು ಹಲಾಲ್-ಹರಾಮಿನ ತನಿಖೆ ಎಂದೇ ಅವರು ಭಾವಿಸುತ್ತಾರೆ. ಮೂರು ವರ್ಷದ ಮಗುವಿನ ಗಂಟಲಿನ ಪ್ರಶ್ನೆಯೊಂದು ಎರಡು ಸಮುದಾಯಗಳ ಮಾನದ ಪ್ರಶ್ನೆಯಾಗಿಬಿಡುವುದು ಹೀಗೆ. ಸಮಾಜವೊಂದರಲ್ಲಿ ಸಂಶಯ ತುಂಬಿಕೊಂಡಾಗ ಅದರ ಬೆಲೆ ತೆರುವವರಲ್ಲಿ ಇಂಥ ಮಕ್ಕಳೂ ಇದ್ದಾರೆ ಎಂಬುದು ನಮ್ಮ ಲೆಕ್ಕಕ್ಕೆ ಸಿಕ್ಕಿಲ್ಲ.

ಹದೀಸ್ ಸಂಗ್ರಹಗಳಲ್ಲಿ ಬುಖಾರಿ ಮತ್ತು ಮುಸ್ಲಿಂ ಇಬ್ಬರೂ ದಾಖಲಿಸಿರುವ ಪ್ರಸಂಗವೊಂದು ಇಲ್ಲಿ ನೆನಪಾಗುತ್ತದೆ. ಪ್ರವಾದಿ(ಸ)ರವರ ಪತ್ನಿ ಮೈಮೂನಾರ ಮನೆಯಲ್ಲಿ ಊಟಕ್ಕೆ ಹುರಿದ ಉಡದಂಥ ಮರಳುಗಾಡಿನ ಪ್ರಾಣಿಯೊಂದನ್ನು ಇಡಲಾಗಿತ್ತು. ಅದನ್ನು ನಜ್ದ್ ಪ್ರಾಂತದಿಂದ ತಂದಿದ್ದವರು ಮೈಮೂನಾರ ಸಹೋದರಿ. ಪ್ರವಾದಿಯವರು ಕೈ ಚಾಚುತ್ತಿದ್ದಂತೆ ಅಲ್ಲಿದ್ದ ಮಹಿಳೆಯೊಬ್ಬರು, ಅವರ ಮುಂದೆ ಇಟ್ಟಿರುವುದು ಏನೆಂದು ಅವರಿಗೆ ತಿಳಿಸಿ ಎಂದರು. ತಿಳಿಸಲಾಯಿತು. ಪ್ರವಾದಿಯವರು ಕೈ ಹಿಂತೆಗೆದರು. ಪಕ್ಕದಲ್ಲಿದ್ದ ಖಾಲಿದ್ ಬಿನ್ ವಲೀದ್ ಇದು ನಿಷಿದ್ಧವೇ ಎಂದು ಕೇಳಿದರು. ಇಲ್ಲ, ತನ್ನ ಜನರ ನೆಲದಲ್ಲಿ ಇದು ಇಲ್ಲದ್ದರಿಂದ ತನಗೆ ಒಗ್ಗುವುದಿಲ್ಲ ಎಂಬರ್ಥದ ಉತ್ತರ ಬಂತು. ಖಾಲಿದ್ ಅದನ್ನು ತನ್ನತ್ತ ಎಳೆದುಕೊಂಡು ಅವರ ಕಣ್ಣೆದುರೇ ತಿಂದರು.

ಈ ಪುಟ್ಟ ಪ್ರಸಂಗವನ್ನು ಧರ್ಮಶಾಸ್ತ್ರಜ್ಞರು ಆ ಪ್ರಾಣಿಯ ಮಾಂಸ ತಿನ್ನಬಹುದೇ ಎಂಬ ಚರ್ಚೆಗೆ ಬಳಸಿಕೊಂಡಿದ್ದಾರೆ. ನಮಗೆ ಮುಖ್ಯವೆನಿಸುವುದು ಅದರಲ್ಲಿರುವ ಮೂರು ಜನರ ನಡತೆ. ಹೆಸರಿಲ್ಲದ ಆ ಮಹಿಳೆ ಅತಿಥಿ ಎಷ್ಟೇ ದೊಡ್ಡವನಾಗಿರಲಿ, ಮುಂದಿಟ್ಟಿರುವುದು ಏನೆಂದು ಅವನಿಗೆ ತಿಳಿದಿರಬೇಕು ಎಂದುಕೊಂಡರು. ಅತಿಥಿ ತನಗೆ ಬೇಡವಾದುದನ್ನು ಲೋಕಕ್ಕೆಲ್ಲ ಬೇಡವೆಂದು ಸಾರಲಿಲ್ಲ. ತಂದವರ ಕೈಯನ್ನಾಗಲಿ ಅವರ ನಾಡಿನ ರುಚಿಯನ್ನಾಗಲಿ ಹಳಿಯಲಿಲ್ಲ. ಮೂರನೆಯವರು ನಿಸ್ಸಂಕೋಚವಾಗಿ ತಿಂದರು. ಅಲ್ಲಿ ಇದ್ದದ್ದು ಕಾಯಿಲೆಯಲ್ಲ, ಬರೀ ಒಗ್ಗದಿರುವಿಕೆ. ಅಷ್ಟಕ್ಕೇ ಇಷ್ಟು ಗೌರವ ಸಂದಿದ್ದರೆ ಉಸಿರು ಕಟ್ಟುವ ಮಗುವಿಗೆ ಎಷ್ಟು ಸಲ್ಲಬೇಕು?

ಕುರ್‌ಆನಿನ ಅನ್ನೂರ್ ಅಧ್ಯಾಯದ 61ನೆಯ ಸೂಕ್ತವೂ ಊಟದ ಪಂಕ್ತಿಯ ಬಗ್ಗೆಯೇ ಇದೆ. ಕುರುಡರು, ಕುಂಟರು, ರೋಗಿಗಳು ಇತರರೊಂದಿಗೆ ಉಣ್ಣುವುದರಲ್ಲಿ ದೋಷವಿಲ್ಲ, ಒಟ್ಟಾಗಿಯಾದರೂ ಬೇರೆ ಬೇರೆಯಾಗಿಯಾದರೂ ಉಣ್ಣಬಹುದು ಎಂಬುದು ಅದರ ಆಶಯ. ವ್ಯಾಖ್ಯಾನಕಾರರು ಇದಕ್ಕೆ ಕೊಡುವ ಹಿನ್ನೆಲೆಗಳಲ್ಲಿ ಒಂದು ಹೃದಯಸ್ಪರ್ಶಿಯಾಗಿದೆ. ಮದೀನಾದ ಕೆಲವರು ರೋಗಿಗಳ ಜೊತೆ ಉಣ್ಣಲು ಹಿಂಜರಿಯುತ್ತಿದ್ದರಂತೆ. ಕಾರಣ ಅಸಹ್ಯವಲ್ಲ. ಕುರುಡನಿಗೆ ಒಳ್ಳೆಯ ತುಂಡು ಕಾಣದು, ರೋಗಿ ನಮ್ಮಷ್ಟು ವೇಗವಾಗಿ ತಿನ್ನಲಾರ, ಅವರ ಪಾಲನ್ನು ನಾವು ತಿಂದುಬಿಟ್ಟರೆ ಎಂಬ ಭಯ. ಒಳ್ಳೆಯತನದಿಂದಲೇ ಹುಟ್ಟಿದ ಆ ದೂರವನ್ನೂ ಸೂಕ್ತವು ಒಪ್ಪಲಿಲ್ಲ. ‘ಆ ಮಗುವಿಗೆ ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ’ ಎಂದು ಹುಟ್ಟುಹಬ್ಬಕ್ಕೆ ಕರೆಯದೇ ಬಿಡುವವರು ನಮ್ಮ ನಡುವೆ ಇದ್ದಾರೆ. ಅವರೂ ಕೆಟ್ಟವರಲ್ಲ.

ಇನ್ನು ಅಜ್ಜಿಯರ ವಿಚಾರ. ಅಲರ್ಜಿ ಇರುವ ಮಗುವಿನ ತಾಯಿಗೆ ಹೊರಗಿನವರಿಗಿಂತ ಕಷ್ಟವಾಗುವುದು ಒಳಗಿನ ಪ್ರೀತಿ. ‘ನಾವೆಲ್ಲ ತಿಂದು ಬೆಳೀಲಿಲ್ವೇನೇ? ಒಂದು ಚೂರು ನಾಲಿಗೆಗೆ ಸವರಿದರೆ ಏನಾಗುತ್ತೆ? ಮುಟ್ಟಿಸದೆ ಮುಟ್ಟಿಸದೆ ನೀನೇ ಅವನನ್ನು ನಾಜೂಕು ಮಾಡಿಟ್ಟಿದ್ದೀಯ’ ಎಂಬ ಮಾತನ್ನು ದಾದಿಯೋ ನಾನಿಯೋ ಉಮ್ಮಳೋ ಆಡದ ಮನೆ ಅಪರೂಪ. ನಮ್ಮ ಮನೆಯಲ್ಲೂ ಇಂಥ ಮಗುವೊಂದು ಬೆಳೆಯುತ್ತಿರುವುದರಿಂದ ಈ ಮಾತುಗಳ ಏರಿಳಿತವೆಲ್ಲ ನಮಗೆ ಪರಿಚಿತ. ಆ ಅಜ್ಜಿಗೆ ತಿನ್ನಿಸುವುದೇ ಪ್ರೀತಿಯ ಭಾಷೆ. ಬಡತನ ಕಂಡ ತಲೆಮಾರಿಗೆ ತನ್ನ ತಟ್ಟೆಯ ಗೋಡಂಬಿಯನ್ನು ಮೊಮ್ಮಗುವಿನ ಬಾಯಿಗಿಡುವುದಕ್ಕಿಂತ ದೊಡ್ಡ ಕಾಣಿಕೆ ಇಲ್ಲ. ಆ ಕೈಯನ್ನು ಹಿಡಿದು ನಿಲ್ಲಿಸುವ ಸೊಸೆ ಎಲ್ಲರ ಕಣ್ಣಿಗೂ ಒರಟಾಗಿ ಕಾಣುತ್ತಾಳೆ. ಗುಟ್ಟಾಗಿ ಸ್ವಲ್ಪ ತಿನ್ನಿಸಿ ‘ನೋಡು, ಏನೂ ಆಗಲಿಲ್ಲ’ ಎಂದು ತೋರಿಸುವ ಆಸೆ ಬೇರೆ. ಅಲರ್ಜಿಯ ಸ್ವಭಾವವೆಂದರೆ ಒಮ್ಮೆ ಬರೀ ದದ್ದು ಬಂದವನಿಗೆ ಮುಂದಿನ ಸಲವೂ ಅಷ್ಟೇ ಎಂಬ ಖಾತರಿಯಿಲ್ಲ. ಮಗುವಿನ ದೇಹವನ್ನು ಒಡ್ಡಿ ಗೆಲ್ಲಬಹುದಾದ ವಾದ ಯಾವುದೂ ಇಲ್ಲ ಎಂದು ಅಜ್ಜಿಯರಿಗೆ ಹೇಳುವ ಕೆಲಸ ಸೊಸೆಯದಲ್ಲ. ಮಗ ಎನಿಸಿಕೊಂಡವನು ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಳ್ಳದೆ ಮಾತಾಡಬೇಕಾದ ಜಾಗ ಇದು. ನಮ್ಮ ಮನೆಗಳಲ್ಲಿ ಗಂಡಸರ ಮೌನಕ್ಕೆ ಹೆಂಗಸರು ತೆರುವ ತೆರಿಗೆಗಳ ಪಟ್ಟಿಗೆ ಇದನ್ನೂ ಸೇರಿಸಬಹುದು.

ತಾಯಿಯ ಮೇಲೆ ಹೊರಿಸುವ ಆರೋಪಗಳಿಗೆ ವಿಜ್ಞಾನವೂ ಒಂದು ಕಾಲಕ್ಕೆ ಒದಗಿಬಂದದ್ದುಂಟು. 1998ರಲ್ಲಿ ಬ್ರಿಟನ್ನಿನಲ್ಲಿ, 2000ದಲ್ಲಿ ಅಮೆರಿಕದಲ್ಲಿ, ಅಲರ್ಜಿಯ ಹಿನ್ನೆಲೆಯಿರುವ ಕುಟುಂಬದ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಶೇಂಗಾ ಕೊಡಬೇಡಿ ಎಂದು ತಜ್ಞರು ಸಲಹೆ ನೀಡಿದ್ದರು. ಆಮೇಲೆ ನೋಡಿದರೆ, ಶೇಂಗಾ ತಿನಿಸನ್ನು ಎಳವೆಯಲ್ಲೇ ತಿನ್ನುವ ಇಸ್ರೇಲಿನ ಯಹೂದಿ ಮಕ್ಕಳಿಗಿಂತ ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಈ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. 2015ರಲ್ಲಿ ಲಂಡನ್ನಿನ ಅಧ್ಯಯನದ ಫಲಿತಾಂಶ ಬಂತು. ಅಪಾಯದ ಅಂಚಿನಲ್ಲಿದ್ದ 640 ಶಿಶುಗಳ ಪೈಕಿ ಶೇಂಗಾದಿಂದ ದೂರವಿಟ್ಟವರಲ್ಲಿ ಶೇ. 17ರಷ್ಟು ಮಕ್ಕಳಿಗೆ ಐದನೆಯ ವಯಸ್ಸಿಗೆ ಅಲರ್ಜಿ ಇತ್ತು. ಎಳವೆಯಿಂದಲೇ ತಿನ್ನಿಸಿದವರಲ್ಲಿ ಅದು ಶೇ. 3ರಷ್ಟು. ತಜ್ಞರ ಮಾತು ಕೇಳಿ ದೂರವಿಟ್ಟ ತಾಯಂದಿರು ಮಾಡಿದ ತಪ್ಪೇನು? ಈಗ ಇದೇ ಸಂಗತಿಯನ್ನು ಅರೆಬರೆ ಕೇಳಿಕೊಂಡವರು, ಅಲರ್ಜಿ ಬಂದೇಬಿಟ್ಟ ಮಗುವಿಗೆ ಸ್ವಲ್ಪಸ್ವಲ್ಪ ತಿನ್ನಿಸಿ ಅಭ್ಯಾಸ ಮಾಡಿಸಿ ಎನ್ನುತ್ತಾರೆ. ಬರದಂತೆ ತಡೆಯುವುದು ಬೇರೆ, ಬಂದಮೇಲಿನ ಚಿಕಿತ್ಸೆ ಬೇರೆ. ಎರಡನೆಯದು ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರು ಆಗಬೇಕಾದದ್ದು. ಹಾಲು, ಮೊಟ್ಟೆಯ ಅಲರ್ಜಿ ಎಷ್ಟೋ ಮಕ್ಕಳಲ್ಲಿ ಬೆಳೆಯುತ್ತ ತಾನೇ ಹೋಗುತ್ತದೆ. ಶೇಂಗಾ, ಗೋಡಂಬಿಯದು ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ.

ಹೆತ್ತವರನ್ನು ಕಾಡುವ ನೈತಿಕ ಇಕ್ಕಟ್ಟು ಒಂದಿದೆ. ಮಗುವಿಗೆ ಬೇರೆ ತಟ್ಟೆ, ಬೇರೆ ಚಮಚ, ಬೇರೆ ಡಬ್ಬಿ ಇಡಬೇಕಾಗುತ್ತದೆ. ಶಾಲೆಯಲ್ಲಿ ಯಾರ ಡಬ್ಬಿಯಿಂದಲೂ ತೆಗೆದುಕೊಳ್ಳಬೇಡ, ಯಾರಿಗೂ ನಿನ್ನ ಚಮಚ ಕೊಡಬೇಡ ಎಂದು ಕಲಿಸಬೇಕಾಗುತ್ತದೆ. ಈ ಮಾತುಗಳನ್ನು ಹೇಳುವಾಗ ನಮ್ಮ ಕಿವಿಗೇ ಅವು ಕರ್ಕಶವಾಗಿ ಕೇಳಿಸುತ್ತವೆ. ಇದೇ ವಾಕ್ಯಗಳನ್ನು ಈ ನಾಡಿನ ತಾಯಂದಿರು ಬೇರೆ ಕಾರಣಗಳಿಗಾಗಿ ತಮ್ಮ ಮಕ್ಕಳಿಗೆ ಶತಮಾನಗಳಿಂದ ಹೇಳಿಕೊಡುತ್ತ ಬಂದಿದ್ದಾರೆ. ಮಗುವಿಗೆ ಪದಾರ್ಥದ ಭಯವನ್ನು ಕಲಿಸಹೋಗಿ ಮನುಷ್ಯರ ಭಯವನ್ನು ಕಲಿಸಿಬಿಡುವ ಅಪಾಯ ಇಲ್ಲಿದೆ. ನಾಲ್ಕು ವರ್ಷದ ಮಗುವಿಗೆ ಪ್ರೋಟೀನೂ ಗೊತ್ತಿಲ್ಲ, ಮೈಲಿಗೆಯೂ ಗೊತ್ತಿಲ್ಲ. ‘ಅವರ ಮನೆಯಲ್ಲಿ ತಿನ್ನಬೇಡ’ ಎಂಬ ವಾಕ್ಯ ಅದರ ತಲೆಯಲ್ಲಿ ಹೇಗೆ ಬೆಳೆಯುತ್ತದೆಂದು ಯಾರು ಬಲ್ಲರು? ಹಾಗಾಗಿ ಮನೆಯ ಹೆಸರನ್ನು ತೆಗೆದು ಕಾಳಿನ ಹೆಸರನ್ನು ಹೇಳುವುದು ಮೇಲು ಎಂದು ನಮಗೆ ಅನ್ನಿಸಿದೆ. ಫಾತಿಮಾಳ ಮನೆ, ಗೀತಾಳ ಮನೆ ಎನ್ನದೆ, ಗೋಡಂಬಿ ಇದ್ದರೆ ತಿನ್ನಬೇಡ ಎಂದಷ್ಟೇ ಹೇಳುವುದು. ‘ನನಗೆ ಅದು ಆಗಲ್ಲ, ಅಮ್ಮನ್ನ ಕೇಳಿ’ ಎಂಬ ಒಂದೇ ವಾಕ್ಯವನ್ನು ಮಗು ಯಾರ ಮುಂದಾದರೂ ತಲೆಯೆತ್ತಿ ಹೇಳುವಂತೆ ಮಾಡುವುದು. ಜೊತೆಗೆ ಮಗುವನ್ನು ಪಂಕ್ತಿಯಿಂದ ಎಬ್ಬಿಸದೆ, ತನ್ನ ಡಬ್ಬಿಯೊಂದಿಗೆ ಅದೇ ಚಾಪೆಯ ಮೇಲೆ ಕೂರಿಸುವುದು. ಕಳೆದ ಸಂಕ್ರಾಂತಿಗೆ ನಮ್ಮ ಪಕ್ಕದ ಮನೆಯವರು ಎಳ್ಳು, ಶೇಂಗಾ ಬೆರೆಸುವ ಮೊದಲೇ ಸಕ್ಕರೆ ಅಚ್ಚುಗಳನ್ನು ಬೇರೆ ಡಬ್ಬಿಗೆ ತೆಗೆದಿಟ್ಟು, ಅದರ ಮೇಲೆ ಮಗುವಿನ ಹೆಸರು ಬರೆದು ಕಳಿಸಿದ್ದರು. ಅಂಥ ಡಬ್ಬಿಯೂ ‘ಬೇರೆ’ಯೇ.

ಹಾಗಾದರೆ ಲೋಕವೆಲ್ಲ ಒಂದು ಮಗುವಿಗಾಗಿ ಬದಲಾಗಬೇಕೇ? ಕೆಲವು ದೇಶಗಳ ಶಾಲೆಗಳಲ್ಲಿ ಶೇಂಗಾವನ್ನು ಆವರಣದೊಳಗೆ ತರುವಂತಿಲ್ಲ. ಇಲ್ಲಿ ಅದನ್ನು ಕೇಳುವುದು ನಮಗೆ ಸರಿಕಾಣದು. ಶೇಂಗಾ ಬಡವರ ಮಾಂಸ. ಉತ್ತರ ಕರ್ನಾಟಕದ ರೊಟ್ಟಿಯ ಬುತ್ತಿಯಿಂದ ಶೇಂಗಾ ಹಿಂಡಿಯನ್ನು ಹೊರಗಿಡಿ ಎನ್ನುವುದು ಒಂದು ಮಗುವಿನ ಕ್ಷೇಮಕ್ಕಾಗಿ ಐವತ್ತು ಮಕ್ಕಳ ತಟ್ಟೆಯನ್ನು ಬರಿದಾಗಿಸಿದಂತೆ. ನಾವು ಕೇಳಬಹುದಾದದ್ದು ಸತ್ಯವನ್ನು. ಯಾವುದರಲ್ಲಿ ಏನಿದೆ ಎಂದು ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಅತಿಥಿಯನ್ನು ನಿರಾಸೆಗೊಳಿಸಬಾರದೆಂದು ‘ಏನೂ ಹಾಕಿಲ್ಲ, ತಿನ್ನಿ ತಿನ್ನಿ’ ಎನ್ನುವ ಸುಳ್ಳು ನಮ್ಮ ಆತಿಥ್ಯದ ಭಾಗವೇ ಆಗಿಹೋಗಿದೆ. ನಮ್ಮ ಕೈಗೆ ಒಪ್ಪಿಸಿದ್ದನ್ನು ಅಮಾನತು ಎನ್ನುತ್ತೇವೆ. ಇನ್ನೊಬ್ಬರ ಮಗು ನಮ್ಮ ಚಾಪೆಯ ಮೇಲೆ ಕೂತ ಗಳಿಗೆಯಲ್ಲಿ ಅದರ ಜೀವವೂ ಅಮಾನತೇ ಅಲ್ಲವೇ? ಇದನ್ನು ತಮಾಷೆಯಾಗಿ ತೆಗೆದುಕೊಂಡರೆ ಏನಾಗುತ್ತದೆಂಬುದಕ್ಕೆ, 2017ರಲ್ಲಿ ಲಂಡನ್ನಿನ ಶಾಲೆಯೊಂದರಲ್ಲಿ ಹಾಲಿನ ಅಲರ್ಜಿಯಿದ್ದ 13 ವರ್ಷದ ಹುಡುಗನ ಮೇಲೆ ಸಹಪಾಠಿಯೊಬ್ಬ ಚೀಸಿನ ತುಣುಕು ಎಸೆದ ಪ್ರಕರಣವಿದೆ. ಕೆಲವು ದಿನಗಳ ಬಳಿಕ ಆ ಹುಡುಗ ಆಸ್ಪತ್ರೆಯಲ್ಲಿ ತೀರಿಕೊಂಡ.

ಅಂಗಡಿಯ ಪೊಟ್ಟಣಗಳ ಮಟ್ಟಿಗೆ ಕಾನೂನು ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ ಹಾಲು, ಮೊಟ್ಟೆ, ಮೀನು, ಸಿಗಡಿಯಂಥವು, ಶೇಂಗಾ, ಗೋಡಂಬಿ-ಬಾದಾಮಿ ಜಾತಿಯವು, ಸೋಯಾ, ಗೋಧಿ ಮುಂತಾದ ಗ್ಲುಟೆನ್ ಧಾನ್ಯಗಳನ್ನು ಬಳಸಿದ್ದರೆ ಲೇಬಲ್ಲಿನ ಮೇಲೆ ಹೇಳಬೇಕು. ಈ ಪಟ್ಟಿಯಲ್ಲಿ ಎಳ್ಳೂ ಇಲ್ಲ, ಕಡಲೆಯೂ ಇಲ್ಲ. ಕಡಲೆಹಿಟ್ಟಿಲ್ಲದೆ ಸಂಜೆಯೇ ಆಗದ ನಾಡಿಗೆ ಈ ಪಟ್ಟಿ ಅಳತೆ ತೆಗೆದು ಹೊಲಿಸಿದ್ದಲ್ಲ. ಬೀದಿಯ ಬಾಣಲೆಗೆ, ಬೇಕರಿಯ ತಟ್ಟೆಗೆ ಲೇಬಲ್ಲೇ ಇರುವುದಿಲ್ಲ. ಈಗ ಫ್ಯಾಶನ್ ಆಗಿರುವ ಗಾಣದ ಶೇಂಗಾ ಎಣ್ಣೆಯಲ್ಲಿ ಶೇಂಗಾದ ಪ್ರೋಟೀನು ಉಳಿದಿರಬಹುದು. ಪೂರ್ತಿ ರಿಫೈನ್ ಮಾಡಿದ್ದರಲ್ಲಿ ಅದು ಬಹಳ ಕಡಿಮೆ. ಆರೋಗ್ಯಕರವೆಂದು ಹೆಮ್ಮೆಯಿಂದ ಗಾಣದ ಎಣ್ಣೆಯಲ್ಲೇ ಕರಿದು ಕೊಟ್ಟವರಿಗೆ ಇದನ್ನು ಹೇಳುವುದು ಹೇಗೆ?

ಮದ್ದಿನ ವಿಷಯದಲ್ಲಿ ನಮ್ಮವರದೇ ಒಂದು ತಕರಾರು ಇದೆ. ಚುಚ್ಚುಮದ್ದನ್ನು ಚೀಲದಲ್ಲಿ ಹೊತ್ತು ತಿರುಗುವುದು ಅಲ್ಲಾಹನ ಮೇಲಿನ ಭರವಸೆಯ ಕೊರತೆ ಎಂಬುದು ಕೆಲವರ ಮಾತು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆಯಿಡಲು ಹೇಳಿದ ಪ್ರವಾದಿ(ಸ)ರವರ ಉಪದೇಶ ತಿರ್ಮಿದಿಯಲ್ಲಿದೆ. ದದ್ದು ಎದ್ದಾಗ ದೃಷ್ಟಿ ತೆಗೆದು, ತಾಯತ ಕಟ್ಟಿ, ಊದಿಸಿದ ನೀರು ಕುಡಿಸಿ ಕಳೆಯುವ ಅರ್ಧ ಗಂಟೆಯಲ್ಲಿ ಮಗು ಕೈಮೀರಿ ಹೋಗಬಹುದು. ದುಆ ಮಾಡುವುದಿದ್ದರೆ ಆಸ್ಪತ್ರೆಯ ದಾರಿಯಲ್ಲಿ ಮಾಡಬಹುದು.

ಇಷ್ಟೆಲ್ಲ ಹೇಳುವಾಗ ನಮ್ಮ ಕಣ್ಣ ಮುಂದೆ ಇರುವುದು ಲೇಬಲ್ ಓದಬಲ್ಲ, ಬೇರೆ ಡಬ್ಬಿ ಕಟ್ಟಬಲ್ಲ ಮನೆಗಳು. ಅಲರ್ಜಿ ಶ್ರೀಮಂತರ ಕಾಯಿಲೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಬಡವರ ಮಗುವಿಗೆ ಅದು ಬಂದರೆ ಯಾರೂ ಹಾಗೆ ಕರೆಯುವುದೇ ಇಲ್ಲ. ಕೂಲಿಗೆ ಹೋಗುವ ತಾಯಿಯ ಮಗು ಶಾಲೆಯಲ್ಲಿ ಹಾಲು ಬೇಡವೆಂದರೆ ಅದು ಹಟ, ವಾಂತಿ ಮಾಡಿಕೊಂಡರೆ ಅದು ಅಜೀರ್ಣ. 2013ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಇದೆ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾದ ಮೊಟ್ಟೆ 2022ರಲ್ಲಿ ರಾಜ್ಯದ ಉಳಿದೆಡೆಗೂ ಬಂತು. ಅದಕ್ಕೆ ಕೆಲವು ಮಠಾಧೀಶರು ವಿರೋಧಿಸಿದ್ದು, ಮಕ್ಕಳೇ ಮೊಟ್ಟೆ ಬೇಕೆಂದು ಕೇಳಿದ್ದು ನೆನಪಿರಬಹುದು. ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂದಾಯಿತು. ಚಿಕ್ಕಿಯನ್ನು 2025ರಲ್ಲಿ ಇಲಾಖೆ ನಿಲ್ಲಿಸಿತು. ಆ ಇಡೀ ಗದ್ದಲದಲ್ಲಿ ಮೊಟ್ಟೆ ತಿನ್ನುವವರು ಯಾವ ಜಾತಿ, ತಿನ್ನದವರು ಯಾವ ಜಾತಿ ಎಂಬ ಚರ್ಚೆ ನಡೆಯಿತು. ಮೊಟ್ಟೆಗೂ ಶೇಂಗಾಕ್ಕೂ ಮೈಯೇ ಒಲ್ಲೆನ್ನುವ ಮಗುವೊಂದು ಆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿರಬಹುದು ಎಂದು ಎರಡೂ ಕಡೆಯವರು ಯೋಚಿಸಿದ್ದು ನಮಗೆ ಕಾಣಲಿಲ್ಲ. ಆ ಮಗುವಿಗೆ ಮಧ್ಯಾಹ್ನದ ಬಿಸಿಯೂಟವೇ ದಿನದ ಹೊಟ್ಟೆತುಂಬ ಊಟ. ಡಬ್ಬಿ ಕಟ್ಟಿ ಕಳಿಸುವವರಿಲ್ಲ. ಅದರ ಪಾಲಿಗೆ ಈಗಿರುವ ವ್ಯವಸ್ಥೆಯೆಂದರೆ ಸೌದೆಯ ಹೊಗೆಯಲ್ಲೋ ಗ್ಯಾಸಿನ ಮುಂದೋ ನೂರಾರು ಮಕ್ಕಳಿಗೆ ಬೇಯಿಸಿ ಹಾಕುವ, ಸಂಬಳವೆಂದೂ ಕರೆಸಿಕೊಳ್ಳದ ಗೌರವಧನಕ್ಕೆ ದುಡಿಯುವ ಅಡುಗೆಯಕ್ಕ ಒಬ್ಬಳೇ. ಯಾವ ಮಗುವಿಗೆ ಯಾವುದು ಆಗದು ಎಂದು ಅವಳಿಗೆ ಒಂದು ಚೀಟಿ ಬರೆದುಕೊಡುವ ಪದ್ಧತಿಯನ್ನಾದರೂ ಶಾಲೆಗಳು ಈ ಜೂನ್‌ನಿಂದ ಆರಂಭಿಸಬಹುದು. ಅದಕ್ಕೆ ಸರ್ಕಾರಿ ಆದೇಶಕ್ಕಾಗಿ ಕಾಯಬೇಕಾಗಿಲ್ಲ.